ಬೇಸಿಗೆ ಬಿಸಿಲಲ್ಲಿ 200 ಕಿಲೋಮೀಟರ್ ಸೈಕಲ್ ಗ್ರೂಪ್ ರೈಡ್: ನನ್ನ ಅನುಭವ

ಬಿಸಿಲಲ್ಲಿ ಲಾಂಗ್ ರೈಡ್ ಅಂದ ತಕ್ಷಣ ಎಲ್ರೂ ಕೇಳೋದು ಎಷ್ಟು ನೀರು ಕುಡಿದ್ರಿ ಅಂತ. ನೀರು ಮುಖ್ಯಾನೇ, ಅದರ ಬಗ್ಗೆ ಮುಂದೆ ಬರೀತೀನಿ. ಆದ್ರೆ 40 ಡಿಗ್ರಿ ದಾಟಿದ ದಿನ ಗುಂಪಾಗಿ 200 ಕಿಲೋಮೀಟರ್ ರೈಡ್ ಮಾಡಿ ಎಲ್ರೂ ಕ್ಷೇಮವಾಗಿ ಮನೆ ಸೇರಿದ ಮೇಲೆ ನನಗೆ ಗಟ್ಟಿಯಾಗಿ ಅನ್ಸಿದ್ದು ಬೇರೆ. ಬಿಸಿಲು ಕಾಲಿನ ಶಕ್ತಿ ಕಿತ್ಕೊಳ್ಳೋಕೆ ಮುಂಚೆನೇ ಬುದ್ಧಿ ಮಂಕು ಮಾಡುತ್ತೆ. ಈಗ ನಿಲ್ಲಿಸ್ಬೇಕಾ, ಇನ್ನೊಂದು ಹತ್ತು ಕಿಲೋಮೀಟರ್ ಹೋಗ್ಬಹುದಾ ಅಂತ ತೀರ್ಮಾನ ಮಾಡ್ಬೇಕಾದ ತಲೆನೇ ಕಾದು ಹೋಗಿರುತ್ತೆ. ಅದಕ್ಕೆ ದೊಡ್ಡ ತೀರ್ಮಾನಗಳನ್ನೆಲ್ಲ ಹಿಂದಿನ ದಿನಾನೇ ಮನೇಲಿ ತಣ್ಣಗೆ ಕೂತು ಮಾಡ್ಕೋಬೇಕು, ನನ್ನನ್ನ ನಿಲ್ಲಿಸೋ ಹಕ್ಕನ್ನ ಪಕ್ಕದಲ್ಲಿ ರೈಡ್ ಮಾಡೋರ ಕೈಗೆ ಕೊಟ್ಟಿರ್ಬೇಕು. ಗುಂಪಲ್ಲಿ ಹೋಗೋದರ ನಿಜವಾದ ಲಾಭ ಇದೇ ಅಂತ ನನ್ನ ನಂಬಿಕೆ, ಗಾಳಿ ತಡೆಯೋದು ಮಾತಾಡ್ಕೊಂಡು ಹೋಗೋದು ಎಲ್ಲ ಆಮೇಲೆ.

ತಯಾರಿಯಿಂದ ಶುರು ಮಾಡ್ತೀನಿ. ನಮ್ಮ ಗುಂಪಲ್ಲಿ ಎಲ್ರಿಗೂ 200 ಹೊಸದಲ್ಲ, ತಂಪು ಕಾಲದಲ್ಲಿ ಆರಾಮಾಗಿ ಮುಗಿಸಿರೋರೇ. ಆದ್ರೆ ತಂಪಲ್ಲಿ ಕಟ್ಟಿದ ಫಿಟ್‌ನೆಸ್ ಬಿಸಿಲಿಗೆ ಅರ್ಧ ಮಾತ್ರ ಉಪಯೋಗಕ್ಕೆ ಬರೋದು, ದೇಹ ಬಿಸಿಲಿಗೆ ಒಗ್ಗಬೇಕು, ಅದಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಮೊದಲ ಕೆಲವು ದಿನದಲ್ಲೇ ರಕ್ತದ ಪ್ಲಾಸ್ಮಾ ಅಂದ್ರೆ ನೀರಿನಂಶದ ಪ್ರಮಾಣ ಜಾಸ್ತಿ ಆಗುತ್ತೆ, ಅದರಿಂದ ಅದೇ ಸ್ಪೀಡಿಗೆ ಹಾರ್ಟ್ ರೇಟ್ ಇಳಿಯುತ್ತೆ, ಆಮೇಲೆ ಬೆವರು ಬೇಗ ಶುರುವಾಗುತ್ತೆ, ಜಾಸ್ತಿ ಬರುತ್ತೆ, ಅದರಲ್ಲಿ ಉಪ್ಪು ಕಡಿಮೆ ಆಗ್ತಾ ಬರುತ್ತೆ. ನಾವು ಮಾಡಿದ್ದು ಇಷ್ಟೇ, ದಿನಾ ಒಂದು ಗಂಟೆ ಹತ್ತಿರ ಬೆಳಗ್ಗೆ ಲೇಟಾಗಿ ಇಲ್ಲಾಂದ್ರೆ ಸಂಜೆ ಬೇಗ, ಬಿಸಿಲು ಇದ್ದಾಗಲೇ, ನಿಧಾನಕ್ಕೆ ಸೈಕಲ್ ಹೊಡೆಯೋದು. ಜೋರಾಗಿ ಹೊಡೆಯೋ ಅವಶ್ಯಕತೆ ಇಲ್ಲ, ಮೈ ಬಿಸಿಯಾಗಿ ಬೆವರು ಸುರಿದ್ರೆ ಸಾಕು. ನನ್ನ ವಾಚಲ್ಲಿ ಶುರುವಿನ ದಿನಗಳಿಗೂ ಕೊನೆ ದಿನಗಳಿಗೂ ವ್ಯತ್ಯಾಸ ಚೆನ್ನಾಗಿ ಕಾಣ್ತಿತ್ತು. ಒಂದು ವಿಷಯ ನೆನಪಿಡಿ, ಎರಡು ಮೂರು ವಾರ ಬಿಸಿಲಿಗೆ ಹೋಗದೆ ಇದ್ರೆ ಹೀಗೆ ಒಗ್ಗಿದ್ದು ಬಹುಪಾಲು ಹೊರಟೇ ಹೋಗುತ್ತೆ, ಹೋದ ವರ್ಷ ಮಾಡಿದ್ದೆ ಅನ್ನೋದು ಈ ವರ್ಷಕ್ಕೆ ಲೆಕ್ಕಕ್ಕಿಲ್ಲ.

ಯಾಕಿಷ್ಟು ತಲೆ ಕೆಡಿಸ್ಕೋಬೇಕು ಅಂದ್ರೆ, ಸೈಕಲ್ ಹೊಡೆಯೋವಾಗ ಮೈ ಖರ್ಚು ಮಾಡೋ ಶಕ್ತಿಯಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ಮಾತ್ರ ಪೆಡಲಿಗೆ ಹೋಗೋದು, ಉಳಿದಿದ್ದೆಲ್ಲ ಶಾಖ. ಪೆಡಲಿಗೆ 120 ವ್ಯಾಟ್ ಕೊಡ್ತಿದೀರಿ ಅಂದ್ರೆ ಅದರ ಮೂರು ನಾಲ್ಕು ಪಟ್ಟು ಶಾಖ ಮೈಯೊಳಗೆ ಹುಟ್ತಾ ಇರುತ್ತೆ. ಚರ್ಮದ ಉಷ್ಣತೆ 35 ಡಿಗ್ರಿ ಆಸುಪಾಸು, ಹೊರಗಿನ ಗಾಳಿ ಅದಕ್ಕಿಂತ ಬಿಸಿ ಇದ್ರೆ ಗಾಳಿ ನಮ್ಮನ್ನ ತಣ್ಣಗೆ ಮಾಡಲ್ಲ, ಇನ್ನೂ ಕಾಯಿಸುತ್ತೆ. ಆಗ ಉಳಿಯೋ ದಾರಿ ಒಂದೇ, ಬೆವರು ಆರೋದು. ಒಂದು ಲೀಟರ್ ಬೆವರು ಪೂರ್ತಿ ಆರಿದ್ರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ತಗೊಂಡು ಹೋಗುತ್ತೆ, ಆದ್ರೆ ಆರ್ಬೇಕು, ತೊಟ್ಟಿಕ್ಕಿ ನೆಲಕ್ಕೆ ಬಿದ್ರೆ ಉಪಯೋಗ ಇಲ್ಲ. ಹಾಗಾಗಿ ಥರ್ಮಾಮೀಟರ್ ನಂಬರ್ ಒಂದನ್ನೇ ನೋಡಿ ಹೊರಡೋದು ತಪ್ಪು, ಗಾಳಿಯಲ್ಲಿ ತೇವ ಎಷ್ಟಿದೆ ನೋಡ್ಬೇಕು. ಒಣ ಹವೆಯಲ್ಲಿ 41 ಡಿಗ್ರಿ ತಡ್ಕೋಬಹುದು, ತೇವ ಜಾಸ್ತಿ ಇದ್ರೆ 34 ಕೂಡ ಅಪಾಯ. ಇದಕ್ಕೇ ಡಬ್ಲ್ಯೂಬಿಜಿಟಿ ಅಂತ ಒಂದು ಅಳತೆ ಇದೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಲೆಕ್ಕ 70 ಪರ್ಸೆಂಟ್, ಬಿಸಿಲಲ್ಲಿಟ್ಟ ಕಪ್ಪು ಗೋಳದ್ದು 20, ನೆರಳಿನ ಉಷ್ಣತೆ ಬರೀ 10 ಪರ್ಸೆಂಟ್. ತೇವಕ್ಕೆ ಎಷ್ಟು ತೂಕ ಕೊಟ್ಟಿದಾರೆ ನೋಡಿ. ಹವಾಮಾನ ಆ್ಯಪ್‌ಗಳಲ್ಲಿ ಕೆಲವು ಇದನ್ನ ತೋರಿಸ್ತವೆ. ನಾವು ಹಿಂದಿನ ರಾತ್ರಿನೇ ಒಂದು ಮಿತಿ ಹಾಕ್ಕೊಂಡಿದ್ವಿ, ಅದು ದಾಟಿದ್ರೆ ರೈಡ್ ಕ್ಯಾನ್ಸಲ್, ಚರ್ಚೆ ಇಲ್ಲ.

ಟೈಮ್ ವಿಷಯ. ಬ್ರೆವೆ, ಅಂದ್ರೆ ಗೊತ್ತುಮಾಡಿದ ದೂರವನ್ನ ಟೈಮ್ ಮಿತಿಯೊಳಗೆ ಮುಗಿಸೋ ಲಾಂಗ್ ಸೈಕಲ್ ರೈಡ್, ಮಾಡೋರಿಗೆ ಗೊತ್ತು, 200ಕ್ಕೆ ಹದಿಮೂರೂವರೆ ಗಂಟೆ ಮಿತಿ, ಸರಾಸರಿ ಗಂಟೆಗೆ 15 ಕಿಲೋಮೀಟರ್ ಹತ್ತಿರ ಬಂದ್ರೆ ಸಾಕು. ನಮಗೆ ಯಾವ ಸರ್ಟಿಫಿಕೇಟೂ ಬೇಕಾಗಿರ್ಲಿಲ್ಲ, ಹಾಗಾಗಿ ಆ ಮಿತಿಯನ್ನೂ ಬಿಟ್ಟು ದಿನವನ್ನ ಎರಡು ತುಂಡು ಮಾಡಿದ್ವಿ. ಬೆಳಗಿನ ಜಾವ 4 ಗಂಟೆಗೆ ಲೈಟ್ ಹಾಕ್ಕೊಂಡು ಹೊರಟು 11 ಗಂಟೆ ಒಳಗೆ 130 ಕಿಲೋಮೀಟರ್, ಆಮೇಲೆ ಸಂಜೆ 4 ದಾಟೋ ತನಕ ನೆರಳಲ್ಲಿ ಬಿದ್ಕೊಳ್ಳೋದು, ಉಳಿದ 70 ಸಂಜೆ ಮತ್ತು ಕತ್ತಲಲ್ಲಿ. ಐದು ಗಂಟೆ ಸುಮ್ನೆ ಕೂರೋದಾ ಅಂತ ಗುಂಪಲ್ಲಿ ಇಬ್ಬರು ಮೊದಲು ಒಪ್ಪಲಿಲ್ಲ, ಆದ್ರೆ ನನ್ನ ಪ್ರಕಾರ ಇಡೀ ಪ್ಲಾನಲ್ಲಿ ಬದಲಾಯಿಸಬಾರದ ಭಾಗ ಅಂದ್ರೆ ಅದೇ. ಆ ಹೊತ್ತಲ್ಲಿ ಡಾಂಬರು ರಸ್ತೆ 60 ಡಿಗ್ರಿ ದಾಟಿರುತ್ತೆ, ಮೇಲಿಂದ ಬಿಸಿಲು ಕೆಳಗಿಂದ ಝಳ. ಮಲಗೋ ಜಾಗ ಫ್ಯಾನ್ ಇರೋದು ಅಂತ ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ವಿ, ರಸ್ತೆ ಪಕ್ಕ ಸಿಕ್ಕ ನೆರಳಲ್ಲಿ ನೋಡ್ಕೊಳ್ಳೋಣ ಅಂತ ಬಿಡಲಿಲ್ಲ.

ಪೇಸ್ ಬಗ್ಗೆ ಒಂದೇ ನಿಯಮ, ಸ್ಪೀಡ್ ನೋಡೋ ಹಾಗಿಲ್ಲ, ಹಾರ್ಟ್ ರೇಟ್ ನೋಡ್ಬೇಕು. ಬಿಸಿಲು ಏರಿದ ಹಾಗೆ ರಕ್ತ ಚರ್ಮದ ಕಡೆಗೂ ಹೋಗ್ಬೇಕು ಕಾಲಿಗೂ ಹೋಗ್ಬೇಕು, ಬೆವರಿಂದ ರಕ್ತದ ನೀರಿನಂಶ ಬೇರೆ ಇಳಿದಿರುತ್ತೆ, ಹಾಗಾಗಿ ಅದೇ ಸ್ಪೀಡಿಗೆ ಹೃದಯ ಜಾಸ್ತಿ ಬಡ್ಕೊಳ್ಳುತ್ತೆ. ಬೆಳಗ್ಗೆ 5ಕ್ಕೆ 130 ಇದ್ದ ನನ್ನ ಬಡಿತ 10 ಗಂಟೆಗೆ ಅದೇ ಸ್ಪೀಡಲ್ಲಿ 145 ತೋರಿಸ್ತಿತ್ತು, ಹಾಗಾಗಿ ಸ್ಪೀಡ್ ಇಳಿಸಿ 135ಕ್ಕೆ ತಂದೆ. ಗುಂಪಲ್ಲಿ ಯಾರ ಬಡಿತ ಮೊದಲು ಮಿತಿ ದಾಟುತ್ತೋ ಅವರೇ ಪೇಸ್ ನಿರ್ಧಾರ ಮಾಡೋದು, ಮುಂದಿರೋರು ಅಲ್ಲ. ಇದನ್ನ ಜೋರಾಗಿ ಹೋಗೋರು ಒಪ್ಪಿದ್ರೆ ಮಾತ್ರ ಬಿಸಿಲಿಗೆ ಗುಂಪು ಕಟ್ಟಿ, ಇಲ್ಲಾಂದ್ರೆ ಬೇಡ. ಡ್ರಾಫ್ಟಿಂಗ್‌ನಲ್ಲೂ, ಅಂದ್ರೆ ಮುಂದಿನವರ ಹಿಂದೆ ಗಾಳಿ ಮರೆಯಲ್ಲಿ ಹೋಗೋದರಲ್ಲೂ, ಬದಲಾವಣೆ ಮಾಡ್ಕೊಂಡಿದ್ವಿ. ಹಿಂದೆ ಅಂಟ್ಕೊಂಡು ಹೋದ್ರೆ ಶ್ರಮ ಕಾಲು ಭಾಗದಷ್ಟು ಉಳಿಯುತ್ತೆ ನಿಜ, ಆದ್ರೆ ಗಾಳಿನೂ ಕಡಿಮೆ ಸಿಗುತ್ತೆ, ಬೆವರು ಆರೋಕೆ ಆ ಗಾಳಿ ಬೇಕು. ಅದಕ್ಕೆ ಅಂತರ ಜಾಸ್ತಿ ಬಿಟ್ವಿ, ಮುಂದೆ ಇರೋ ಸರದಿ ಚಿಕ್ಕದು ಮಾಡಿದ್ವಿ.

ನೀರಿನ ವಿಷಯಕ್ಕೆ ಬರ್ತೀನಿ. ಎಷ್ಟು ಕುಡೀಬೇಕು ಅಂತ ಎಲ್ರಿಗೂ ಒಂದೇ ನಂಬರ್ ಹೇಳೋಕಾಗಲ್ಲ, ಗಂಟೆಗೆ ಅರ್ಧ ಲೀಟರ್ ಬೆವರೋರೂ ಇದಾರೆ ಎರಡು ಲೀಟರ್ ಬೆವರೋರೂ ಇದಾರೆ. ನಾನು ಮಾಡಿದ್ದು, ಪ್ರಾಕ್ಟೀಸ್ ರೈಡಿಗೆ ಮುಂಚೆ ತೂಕ ನೋಡೋದು, ಒಂದು ಗಂಟೆ ಬಿಸಿಲಲ್ಲಿ ರೈಡ್ ಮಾಡಿ ಬಂದು ಬೆವರು ಒರೆಸಿ ಮತ್ತೆ ನೋಡೋದು. ಕಳೆದ ಒಂದು ಕೆಜಿ ಅಂದ್ರೆ ಹೆಚ್ಚು ಕಡಿಮೆ ಒಂದು ಲೀಟರ್, ದಾರೀಲಿ ಕುಡಿದಿದ್ದನ್ನ ಅದಕ್ಕೆ ಸೇರಿಸ್ಬೇಕು. ಹಾಗೆ ಎಲ್ರೂ ಅವರವರ ಲೆಕ್ಕ ಗೊತ್ತು ಮಾಡ್ಕೊಂಡ್ವಿ. ಹೊಟ್ಟೆ ಗಂಟೆಗೆ ಒಂದು ಲೀಟರ್ ಆಸುಪಾಸು ಮಾತ್ರ ಕೆಳಗೆ ಬಿಡುತ್ತೆ, ಅದಕ್ಕಿಂತ ಜಾಸ್ತಿ ಬೆವರೋರು ಎಷ್ಟು ಕುಡಿದ್ರೂ ಸರಿದೂಗಿಸೋಕೆ ಆಗಲ್ಲ, ಅವರು ಪೇಸ್ ಇಳಿಸ್ಲೇಬೇಕು. ಇನ್ನು ಬರೀ ನೀರನ್ನ ಲೀಟರ್‌ಗಟ್ಟಲೆ ಕುಡಿಯೋದು ಇನ್ನೊಂದು ಅಪಾಯ, ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು ವಾಂತಿ ಗೊಂದಲ ಶುರುವಾಗುತ್ತೆ, ಅದನ್ನ ನೀರು ಸಾಲದೆ ಆಗಿದ್ದು ಅಂತ ತಿಳ್ಕೊಂಡು ಇನ್ನೂ ಕುಡಿಸಿದ್ರೆ ಪ್ರಾಣಕ್ಕೇ ಬರುತ್ತೆ. ಒಂದು ಲೀಟರ್ ಬೆವರಲ್ಲಿ ಸರಾಸರಿ ಒಂದು ಗ್ರಾಂ ಸೋಡಿಯಂ ಹೋಗುತ್ತೆ, ಅಡುಗೆ ಉಪ್ಪಿನ ಲೆಕ್ಕದಲ್ಲಿ ಎರಡೂವರೆ ಗ್ರಾಂ. ಹಾಗಾಗಿ ಒಂದು ಬಾಟಲಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟಕ್ಕೇ ಕಲಸಿ, ಒಂದು ಲೀಟರ್ ಪ್ಯಾಕೆಟನ್ನ ಅರ್ಧ ಲೀಟರಿಗೆ ಹಾಕಿದ್ರೆ ಉಪ್ಪು ಸಕ್ಕರೆ ಎರಡೂ ಜಾಸ್ತಿಯಾಗಿ ಹೊಟ್ಟೆ ಕೆಡುತ್ತೆ. ಬಿಪಿ, ಕಿಡ್ನಿ ತೊಂದರೆ ಇರೋರು ಡಾಕ್ಟರ್ ಕೇಳದೆ ಉಪ್ಪಿನ ಪ್ರಯೋಗ ಮಾಡ್ಬೇಡಿ. ಹಾಗೇ ಮಂಡಿನೋವಿಗೆ ಅಂತ ಐಬುಪ್ರೊಫೆನ್ ನುಂಗಿ ಹೊರಡೋ ಅಭ್ಯಾಸ ಕೆಲವರಿಗಿದೆ, ಮೈಯಲ್ಲಿ ನೀರು ಕಡಿಮೆ ಆದಾಗ ಅದು ಕಿಡ್ನಿಗೆ ಹೊಡೆತ, ನಮ್ಮ ಗುಂಪಲ್ಲಿ ಅದನ್ನ ಬೇಡ ಅಂತಲೇ ಹೇಳಿದ್ವಿ.

9 ಗಂಟೆ ದಾಟಿದ್ರೆ ಬಾಟಲ್ ನೀರು ಕಾದು ಬಾಯಿಗೆ ಹಾಕೋಕೆ ಮನಸ್ಸಾಗಲ್ಲ, ಮನಸ್ಸಾಗ್ಲಿಲ್ಲ ಅಂದ್ರೆ ಕುಡಿಯೋದೂ ಕಡಿಮೆ ಆಗುತ್ತೆ. ಇದಕ್ಕೆ ಒಬ್ಬರು ಒಂದು ಉಪಾಯ ತೋರಿಸಿದ್ರು, ಹಳೇ ಕಾಟನ್ ಸಾಕ್ಸನ್ನ ಬಾಟಲಿಗೆ ಹಾಕಿ ಒದ್ದೆ ಮಾಡಿ ಬಾಟಲ್ ಸ್ಟ್ಯಾಂಡಿಗೆ ತುರುಕೋದು. ಓಡ್ತಾ ಇರೋ ಸೈಕಲ್ ಗಾಳಿಗೆ ಸಾಕ್ಸ್ ಆರ್ತಾ ನೀರು ತಂಪಾಗೇ ಇರುತ್ತೆ, ಅರ್ಧ ಗಂಟೆಗೊಮ್ಮೆ ಮತ್ತೆ ನೆನೆಸ್ಬೇಕು ಅಷ್ಟೇ. ಒಣ ಹವೆಯಲ್ಲಿ ಮಾತ್ರ ಇದು ಕೆಲಸ ಮಾಡೋದು. ಜೊತೆಗೆ ಬಿಳಿ ತೆಳು ಫುಲ್ ತೋಳಿನ ಜರ್ಸಿ, ಪ್ರತಿ ಸ್ಟಾಪಲ್ಲೂ ಅದನ್ನ ಪೂರ್ತಿ ನೆನೆಸೋದು, ಕತ್ತಿನ ಹಿಂದೆ ಬಟ್ಟೆಯಲ್ಲಿ ಕಟ್ಟಿದ ಐಸ್. ಟೈರಿಗೆ ಗಾಳಿ ತಂಪು ಹೊತ್ತಲ್ಲಿ 80 ಪಿಎಸ್‌ಐ ಹಾಕಿದ್ರೆ ಕಾದ ರಸ್ತೆ ಮೇಲೆ ಹತ್ತು ಪಿಎಸ್‌ಐ ಹತ್ತಿರ ಏರುತ್ತೆ, ಸ್ವಲ್ಪ ಕಡಿಮೆ ಹಾಕಿ, ಸೈಕಲ್ ಬಿಸಿಲಲ್ಲಿ ನಿಲ್ಲಿಸ್ಬೇಡಿ.

ಇನ್ನು ಜೋಡಿ ಪದ್ಧತಿ, ನಾನು ಮೇಲೆ ಹೇಳಿದ ಹಕ್ಕು ಕೊಡೋ ವಿಷಯ. ಹೊರಡೋ ಮುಂಚೆ ಎಲ್ರನ್ನೂ ಇಬ್ಬಿಬ್ಬರಂತೆ ಜೋಡಿ ಮಾಡಿದ್ವಿ. ಅರ್ಧ ಗಂಟೆಗೊಮ್ಮೆ ಜೋಡಿಯವರನ್ನ ಮಾತಾಡಿಸ್ಬೇಕು, ಹೂಂ ಅಂತ ಅಷ್ಟೇ ಬಂದ್ರೆ ಸಾಲದು, ಲೆಕ್ಕ ಹಾಕಿ ಉತ್ತರ ಕೊಡೋ ಪ್ರಶ್ನೆ ಇರ್ಬೇಕು, ಇನ್ನೆಷ್ಟು ಕಿಲೋಮೀಟರ್ ಇದೆ, ಬಾಟಲಲ್ಲಿ ಎಷ್ಟು ಉಳಿದಿದೆ, ಹಿಂದಿನ ಸ್ಟಾಪ್ ಯಾವಾಗ ಅಂತ. ಉತ್ತರ ತಡವಾದ್ರೆ, ತಪ್ಪಾದ್ರೆ, ಸಿಡುಕಿದ್ರೆ, ಸೈಕಲ್ ನೇರ ಹೋಗದೆ ಇದ್ರೆ, ಜೋಡಿಯವರು ನಿಲ್ಸಿ ಅಂದ್ರೆ ನಿಲ್ಲಿಸ್ಬೇಕು.

ಇದು ಉಪಯೋಗಕ್ಕೆ ಬಂದಿದ್ದು ಸಂಜೆ, ರೆಸ್ಟ್ ಮುಗಿಸಿ ಹೊರಟು ಒಂದು ಗಂಟೆ ಆಗಿರ್ಬೇಕು. ಹೊತ್ತು ಇಳೀತಿದೆ ಅಂತ ಎಲ್ರೂ ನಿರಾಳ ಆಗಿರ್ತಾರೆ, ಆದ್ರೆ ರಸ್ತೆ ಹೀರಿದ ಬಿಸಿಯೆಲ್ಲ ಆಗ ಹೊರಗೆ ಬಿಡ್ತಾ ಇರುತ್ತೆ. ನನ್ನ ಜೋಡಿ ನಮ್ಮ ಗುಂಪಲ್ಲೇ ಗಟ್ಟಿಗ. ಗುಂಡಿ ಬಂದಾಗ ಕೈ ತೋರಿಸೋದು ಅವನಿಗೆ ರೂಢಿ, ಎರಡು ಗುಂಡಿಗೆ ತೋರಿಸ್ಲಿಲ್ಲ. ಇನ್ನೆಷ್ಟಿದೆ ಅಂದೆ, ಉತ್ತರ ಇಲ್ಲ. ಮತ್ತೆ ಕೇಳಿದ್ರೆ "ಬಿಡಣ್ಣ, ಸುಮ್ನೆ ಹೊಡಿ" ಅಂದ, ಅವನು ಹಾಗೆ ಮಾತಾಡೋನೇ ಅಲ್ಲ. ನಿಲ್ಸು ಅಂದೆ. ನಿಲ್ಲಿಸಿದ, ಒಪ್ಪಂದ ಇತ್ತಲ್ಲ. ಬಾಟಲ್ ಕೈಗೆ ಕೊಟ್ರೆ ಮುಚ್ಚಳ ಎಳೆಯೋಕೆ ಬೆರಳು ಸರಿಯಾಗಿ ಕೂರ್ತಿರ್ಲಿಲ್ಲ, ಅಂಥ ಸೆಕೆಯಲ್ಲೂ ತೋಳಿನ ರೋಮ ನಿಮಿರಿ ನಿಂತಿತ್ತು. ಮರದ ಕೆಳಗೆ ಕೂರಿಸಿ ಹೆಲ್ಮೆಟ್ ಶೂ ಜರ್ಸಿ ತೆಗೆದ್ವಿ, ಸಹಾಯಕ್ಕೆ ಅಂತ ನಮ್ಮ ಹಿಂದೆ ಬರ್ತಿದ್ದ ಕಾರಿಂದ ಐಸ್ ಡಬ್ಬ ತರಿಸಿ ಆ ತಣ್ಣೀರನ್ನ ತಲೆ ಎದೆ ಬೆನ್ನು ತೊಡೆ ಮೇಲೆ ಸುರಿದ್ವಿ, ಇಬ್ಬರು ಜರ್ಸಿ ಹಿಡ್ಕೊಂಡು ಬೀಸ್ತಾ ಇದ್ರು, ಇನ್ನೊಬ್ಬರು ಆ ಹೊತ್ತಿಗೇ ಆಸ್ಪತ್ರೆಗೆ ಫೋನ್ ಮಾಡಿದ್ರು. ಹದಿನೈದು ನಿಮಿಷಕ್ಕೆ ಮಾತು ಸರಿಯಾಯ್ತು, ಕಿಲೋಮೀಟರ್ ಲೆಕ್ಕ ಸರಿಯಾಗಿ ಹೇಳಿದ. ಆದ್ರೂ ಮತ್ತೆ ಸೈಕಲ್ ಹತ್ತೋಕೆ ಬಿಡ್ಲಿಲ್ಲ, ಒದ್ದೆ ಬಟ್ಟೆ ಹೊದಿಸಿ ಕಾರಲ್ಲಿ ಡಾಕ್ಟರ್ ಹತ್ರ ಕಳ್ಸಿದ್ವಿ.

ಇಲ್ಲಿ ಒಂದು ವಿಷಯ ಒತ್ತಿ ಹೇಳ್ಬೇಕು. ಬಿಸಿಲಲ್ಲಿ ರೈಡ್ ಮಾಡೋರಿಗೆ ಮಾತು ತೊದಲಿದ್ರೆ, ಗೊಂದಲ ಆದ್ರೆ, ಅದನ್ನ ಹೀಟ್ ಸ್ಟ್ರೋಕ್ ಅಂತಲೇ ತಿಳ್ಕೊಂಡು ನಡ್ಕೋಬೇಕು. ಬೆವರು ಬರ್ತಿದೆ, ಹಾಗಾಗಿ ಹೀಟ್ ಸ್ಟ್ರೋಕ್ ಅಲ್ಲ ಅಂತ ಎಷ್ಟೋ ಜನ ಅಂದ್ಕೋತಾರೆ, ವ್ಯಾಯಾಮದಿಂದ ಬರೋ ಹೀಟ್ ಸ್ಟ್ರೋಕಲ್ಲಿ ಬೆವರು ಸುರೀತಾನೇ ಇರ್ಬಹುದು. ಒಳಗಿನ ಉಷ್ಣತೆ 40 ದಾಟಿರುತ್ತೆ, ಒಂದೊಂದು ನಿಮಿಷವೂ ಬೆಲೆ ಬಾಳುತ್ತೆ. ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರೋ ತನಕ ಕಾಯದೆ ತಣ್ಣೀರು ಸುರೀರಿ, ತೊಟ್ಟಿ ಸಿಕ್ರೆ ಕತ್ತಿನ ತನಕ ಮುಳುಗಿಸಿ, ತಲೆ ನೀರಿನ ಮೇಲೆ ಇರೋ ಹಾಗೆ ಹಿಡ್ಕೊಳ್ಳಿ. ಪ್ರಜ್ಞೆ ಸರಿ ಇಲ್ಲದೋರ ಬಾಯಿಗೆ ನೀರು ಹಾಕ್ಬೇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡಲ್ಲ, ಇದು ಜ್ವರ ಅಲ್ಲ.

ಉಳಿದವರು ಮುಂದೆ ಹೋಗೋದಾ ಬೇಡ್ವಾ ಅನ್ನೋದೂ ಮೊದಲೇ ನಿರ್ಧಾರ ಆಗಿತ್ತು, ಒಬ್ಬರಿಗೆ ಹೀಗಾದ್ರೆ ಎಲ್ರೂ ಅರ್ಧ ಗಂಟೆ ಕೂರ್ಬೇಕು, ಎಲ್ರಿಗೂ ಆ ಮೂರು ಪ್ರಶ್ನೆ ಕೇಳ್ಬೇಕು, ಆಮೇಲೆ ಹೊರಡೋದು. ಹಾಗೇ ಮಾಡಿದ್ವಿ. ಡಾಕ್ಟರ್ ನೋಡಿ ಪರವಾಗಿಲ್ಲ ಅಂದ್ರು ಅಂತ ಫೋನ್ ಬಂದ ಮೇಲೆ ಲೈಟ್ ಹಾಕ್ಕೊಂಡು ಇನ್ನೂ ನಿಧಾನ ಹೊರಟು ರಾತ್ರಿ 9 ದಾಟಿದ ಮೇಲೆ ಮುಗಿಸಿದ್ವಿ. ನನ್ನ ಜೋಡಿ ಹೋಗಿದ್ದರಿಂದ ಇನ್ನೊಂದು ಜೋಡಿಗೆ ಸೇರಿ ಮೂವರಾಗಿ ಬಂದ್ವಿ.

ಮನೆಗೆ ಬಂದ ಮೇಲೆ ತೂಕ ನೋಡಿದೆ, ಸುಮಾರು ಒಂದು ಕೆಜಿ ಕಡಿಮೆ ಇತ್ತು, ಅಂದ್ರೆ ದೇಹದ ತೂಕದ ಎರಡು ಪರ್ಸೆಂಟ್ ಒಳಗೆ, ನಾನು ಅಂದ್ಕೊಂಡಿದ್ದಷ್ಟೇ. ಅದನ್ನ ಒಂದೇ ಸಲ ಕುಡಿದು ತುಂಬಿಸೋಕೆ ಹೋಗ್ಲಿಲ್ಲ, ಉಪ್ಪು ಇರೋ ಊಟದ ಜೊತೆ ಕೆಲವು ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪ. ಮಾರನೇ ದಿನ ಬೆಳಗ್ಗೆ ಎದ್ದ ತಕ್ಷಣದ ಹಾರ್ಟ್ ರೇಟ್ ಮಾಮೂಲಿಗಿಂತ ಜಾಸ್ತಿ ಇತ್ತು, ಅದು ಇಳಿಯೋ ತನಕ ಸೈಕಲ್ ಮುಟ್ಲಿಲ್ಲ. ಮುಂದಿನ ಬೇಸಿಗೆ ರೈಡಿಗೆ ಸಂಜೆ ಹೊರಡೋದನ್ನ ಇನ್ನೂ ಒಂದು ಗಂಟೆ ಮುಂದಕ್ಕೆ ಹಾಕೋಣ, ಕಾರಲ್ಲಿ ಐಸ್ ಡಬ್ಬ ಎರಡು ಇಡೋಣ ಅಂತ ಗುಂಪಲ್ಲಿ ಈಗಾಗ್ಲೇ ಮಾತಾಗಿದೆ. ನನ್ನ ಜೋಡಿನೂ ಬರ್ತಾನಂತೆ, ಡಾಕ್ಟರ್ ಸರಿ ಅಂದ್ರೆ ಮಾತ್ರ, ಅದೂ ಮತ್ತೆ ಮೊದಲಿಂದ ಬಿಸಿಲಿಗೆ ಒಗ್ಗಿಸ್ಕೊಂಡ ಮೇಲೆ.