ವರಹ, ರೂಪಾಯಿಗಳ ಮೇಲಿನ ಗುರುತು ಓದುವುದು ಹೇಗೆ

ವರಹದ, ಅಂದರೆ ಹಳೆಯ ಚಿನ್ನದ ನಾಣ್ಯದ, ಮುಂಬದಿಯಲ್ಲಿ ಶಿವ–ಪಾರ್ವತಿಯರು ಕೂತಿದ್ದಾರೆ ಅಂದ ಮಾತ್ರಕ್ಕೆ ಅದು ಕೆಳದಿ ಅರಸರದ್ದು ಎಂದುಕೊಳ್ಳಬೇಡಿ. ಶಿವಮೊಗ್ಗ ಸೀಮೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ನಾಣ್ಯ ತಿರುಗಿಸಿ. ನಾಗರಿಯಲ್ಲಿ ‘ಶ್ರೀ ಸದಾಶಿವ’ ಎಂದಿದ್ದರೆ ಕೆಳದಿ ಅರಸರ ಇಕ್ಕೇರಿ ವರಹ. 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ದೇವರ ಚಿತ್ರ ಮುಟ್ಟಲಿಲ್ಲ, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರ, ಪಾರಸಿಯ ‘ಹೇ’, ಹಾಕಿಸಿದ. ಮೇಲೊಂದು ಅಡ್ಡಗೆರೆ, ಕೆಳಗೆ ಬಲಕ್ಕೆ ಬಾಯಿಬಿಟ್ಟ ಕೊಕ್ಕೆ, ಸುತ್ತ ರಾಗಿ ಚೆಲ್ಲಿದ ಹಾಗೆ ಚುಕ್ಕಿ. ‘ಶ್ರೀ ಕೃಷ್ಣರಾಜ’ ಎಂದಿದ್ದರೆ ಮುಮ್ಮಡಿ ಒಡೆಯರದ್ದು, 1799ರಿಂದ ಈಚಿನದು. ಮೂರರ ತೂಕವೂ ಸುಮಾರು 3.4 ಗ್ರಾಂ. ಅದೇ ಗಾತ್ರದ ಹಿತ್ತಾಳೆ ನಕಲು ಅದರ ಅರ್ಧದಷ್ಟೇ ತೂಗುತ್ತದೆ.

ಸವೆದ ಅಕ್ಷರ ನೇರ ಬೆಳಕಿನಲ್ಲಿ ಕಾಣದು. ಟಾರ್ಚನ್ನು ಮಗ್ಗುಲಿನಿಂದ ಹಾಯಿಸಿ, 10 ಪಟ್ಟಿನ ಭೂತಗನ್ನಡಿ ಹಿಡಿಯಿರಿ.

ಟಿಪ್ಪುವಿನ ನಾಣ್ಯದಲ್ಲಿ ಇಸವಿಯೇ ಒಗಟು. ಅವನು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ‘6121’ ಎಂದು ಕಂಡರೆ ಅದು 1216. ಅದಕ್ಕೆ 572 ಕೂಡಿಸಿದರೆ 1788.

ಮುಮ್ಮಡಿಯವರ ತಾಮ್ರದ ಕಾಸು ಸುಲಭ: ಆನೆ ಅಥವಾ ಸಿಂಹ, ಕನ್ನಡದಲ್ಲಿ ‘ಮಯಿಲಿ ಕಾಸು’, ರೋಮನ್ ಅಂಕಿಯಲ್ಲಿ ಬೆಲೆ. ಎರಡು ಎಕ್ಸ್ ಇದ್ದರೆ ಇಪ್ಪತ್ತು ಕಾಸು.

ಬ್ರಿಟಿಷ್ ರೂಪಾಯಿಯಲ್ಲಿ ‘ವಿಕ್ಟೋರಿಯಾ ಕ್ವೀನ್’ ಎಂದಿದ್ದರೆ 1876ರವರೆಗಿನದು, ‘ಎಂಪ್ರೆಸ್’ ಎಂದಿದ್ದರೆ 1877ರಿಂದೀಚಿನದು. ಆದರೆ 1862 ಎಂದಿರುವ ಎಲ್ಲವೂ ಆ ವರ್ಷದವಲ್ಲ; ಅದೇ ಇಸವಿ ಹಾಕಿ ಮುಂದೆಯೂ ಹಲವು ವರ್ಷ ಅಚ್ಚೊತ್ತಿದರು. ಟಂಕಸಾಲೆಯ, ಅಂದರೆ ನಾಣ್ಯ ಅಚ್ಚೊತ್ತಿದ ಜಾಗದ, ಗುರುತನ್ನು ಹಿಂಬದಿಯ ಕೆಳತುದಿಯ ಹೂವಿನ ಬಳಿ ಹುಡುಕಿ. ಜಾರ್ಜ್ ಐದನೆಯವನ ರೂಪಾಯಿಯಲ್ಲಿ ಉಬ್ಬಿದ ಚುಕ್ಕಿ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕಲ್ಕತ್ತ. ಜಾರ್ಜ್ ಆರನೆಯವನ ಕೊನೆಗಾಲದ ಬೆಳ್ಳಿ ರೂಪಾಯಿಯಲ್ಲಿ ‘ಎಲ್’ ಎಂದಿದ್ದರೆ ಲಾಹೋರ್. ಗುರುತಿಲ್ಲದ್ದು ನಕಲಿ ಎಂಬ ಮಾತು ಬರೀ ಸುಳ್ಳು. ಹಾಗೆಂದು ಚುಕ್ಕಿ ಕಾಣದ್ದೆಲ್ಲ ಕಲ್ಕತ್ತದ್ದೂ ಅಲ್ಲ, ಮೂರು ತಲೆಮಾರು ಕೈಬದಲಾದ ನಾಣ್ಯದಲ್ಲಿ ಮೊದಲು ಸವೆಯುವುದೇ ಚುಕ್ಕಿ. ಸರಕ್ಕೆ ಪೋಣಿಸಿದ್ದ ರೂಪಾಯಿಯಲ್ಲಿ ಕೊಂಡಿಯ ಬೆಸುಗೆ ಆ ಜಾಗವನ್ನೇ ಮುಚ್ಚಿರಬಹುದು. ಆಗ ತೂಕ ಮೂಲದ 11.66 ಗ್ರಾಂ ದಾಟಬಹುದು.

ಮಳೆಗಾಲದಲ್ಲಿ ಕಿಲುಬು ಹತ್ತಿತೆಂದು ಹುಣಸೆಹಣ್ಣಿನಲ್ಲಿ ತಿಕ್ಕಬೇಡಿ. ಹುಳಿ ತಾಮ್ರದ ಮೇಲ್ಪದರವನ್ನೇ ತಿನ್ನುತ್ತದೆ, ಅಳಿದುಳಿದ ಅಕ್ಷರವೂ ಅದರ ಜೊತೆ ಹೋಗುತ್ತದೆ. ಮಣ್ಣು ಮೆತ್ತಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಒತ್ತಿ ಒಣಗಿಸಿ ಸಾಕು.

ತೋಟ ಅಗೆಯುವಾಗ ಸಿಕ್ಕಿದ್ದಾದರೆ ಮಾತೇ ಬೇರೆ. ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಲೇಬೇಕು.