ಬಿಪಿ ಮಾತ್ರೆ ಶುರು ಮಾಡಿದ್ದೀರಾ? ನಾಲ್ಕನೇ ದಿನಕ್ಕೇ ಲೆಕ್ಕ ಕೇಳಬೇಡಿ

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ನನಗೆ ಬಿಪಿ ಇದೆ ಅಂತ ಗೊತ್ತಾಯಿತು. 164/98. ತೀರ್ಥಹಳ್ಳಿಯಲ್ಲಿ ಡಾಕ್ಟರು ಆಮ್ಲೋಡಿಪಿನ್ 5 ಮಿಲಿಗ್ರಾಂ ಬರೆದುಕೊಟ್ಟರು. ನಾಲ್ಕನೇ ದಿನ ಪೇಟೆಗೆ ಹೋದವನು ಮೆಡಿಕಲ್ ಶಾಪಿನಲ್ಲಿ ನೋಡಿಸಿದೆ. 158! ಇದು ನನಗೆ ಹಿಡಿಯುವ ಮಾತ್ರೆ ಅಲ್ಲ ಅಂತ ಬಿಟ್ಟೇಬಿಟ್ಟೆ. ಆಮೇಲೆ ಡಾಕ್ಟರು ಬೈದು, ಲೆಕ್ಕವನ್ನೂ ಹೇಳಿದರು.

ಆಮ್ಲೋಡಿಪಿನ್ ನಿಧಾನದ ಆಸಾಮಿ. ನುಂಗಿದ ಔಷಧದಲ್ಲಿ ಅರ್ಧ ಮೈಯಿಂದ ಹೋಗುವುದಕ್ಕೇ 30ರಿಂದ 50 ಗಂಟೆ ಬೇಕು. ಹಾಗಾಗಿ ಇವತ್ತಿನದರ ಮೇಲೆ ನಾಳೆಯದು ಸೇರುತ್ತಾ ಹೋಗುತ್ತದೆ. ರಕ್ತದಲ್ಲಿ ಅದರ ಮಟ್ಟ ಒಂದು ಹದಕ್ಕೆ ಬರಲು 7-8 ದಿನ. ಪೂರ್ತಿ ಫಲ ಕಾಣಲು ಎರಡು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಟೆಲ್ಮಿಸಾರ್ಟನ್ ಅಂತ ಇನ್ನೊಂದು ಬಿಪಿ ಮಾತ್ರೆ ಬಹುಪಾಲು ಎರಡು ವಾರದಲ್ಲಿ ಇಳಿಸುತ್ತದೆ, ಪೂರ್ತಿಗೆ ನಾಲ್ಕು ವಾರ ಅಥವಾ ಸ್ವಲ್ಪ ಮೇಲೆ. ಉಚ್ಚೆ ಹೋಗಿಸುವ ಮಾತ್ರೆಯದು ತಮಾಷೆ. ಎರಡು ಗಂಟೆಯೊಳಗೆ ಬಚ್ಚಲಿಗೆ ಓಡಿಸುತ್ತದೆ, ಆದರೆ ಬಿಪಿ ಇಳಿಸಲು ಅದಕ್ಕೂ ಮೂರು ನಾಲ್ಕು ವಾರ ಬೇಕು.

ಅಲ್ಲಿವರೆಗೆ ಏನು ಮಾಡುವುದು? ತೋಳಿಗೆ ಕಟ್ಟುವ ಮಿಷನ್ ಒಂದು ತಂದುಕೊಳ್ಳಿ. ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಮತ್ತು ಸಂಜೆ ನೋಡಿ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಉಚ್ಚೆ ಕಟ್ಟಿಕೊಂಡು ಕೂರಬಾರದು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂರಿ. ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಮಾತಾಡಿದರೂ ಏರುತ್ತದೆ. ನಾನು ಅಡಿಕೆ ಕೊನೆ ಇಳಿಸುವ ಕೊನೆಗಾರರಿಗೆ ಕೂಗಿ ಹೇಳುತ್ತಲೇ ನೋಡಿಕೊಳ್ಳುತ್ತಿದ್ದೆ, ಅದು ನನ್ನ ಬಿಪಿಯೋ ತೋಟದ್ದೋ!

ಮಾತ್ರೆ ಕೆಲಸ ಮಾಡುತ್ತಿಲ್ಲ ಅನ್ನುವ ಮೊದಲು ತಟ್ಟೆ ನೋಡಿಕೊಳ್ಳಿ. ದಿನಕ್ಕೆ 5 ಗ್ರಾಂ ಉಪ್ಪು ಅಂದರೆ ಒಂದೇ ಟೀ ಚಮಚ. ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಉಪ್ಪುನೀರಲ್ಲೇ ಬದುಕುವ ಪ್ರಾಣಿ, ಅಲ್ವಾ? ಸೊಂಟನೋವಿಗೆ ಅಂತ ಕೇಳದೆ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಬಿಪಿ ಏರಿಸುತ್ತವೆ.

ಪಾದ ಊದಿದರೆ, ಎದ್ದು ನಿಂತಾಗ ತಲೆ ತಿರುಗಿದರೆ ನಾಲ್ಕು ವಾರ ಕಾಯಬೇಡಿ, ಡಾಕ್ಟರಿಗೆ ಹೇಳಿ. ನೀವೇ ಮಾತ್ರೆ ಬಿಡಬೇಡಿ. ಅಟೆನೊಲೋಲ್, ಮೆಟೊಪ್ರೊಲೋಲ್ ಥರದ್ದನ್ನು ತಟ್ಟನೆ ನಿಲ್ಲಿಸುವುದಂತೂ ಅಪಾಯ. ಬಿಪಿ ಏರಿದಾಗ ಎದೆನೋವು, ಉಬ್ಬಸ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಇದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಘಾಟಿ ದಾರಿ, ಮಳೆ ಅಂತ ಬೆಳಗಾಗಲು ಕಾಯಬೇಡಿ.

ಬಿಟ್ಟ ಮಾತ್ರೆ ಮತ್ತೆ ಶುರು ಮಾಡಿದ ನಾಲ್ಕು ವಾರಕ್ಕೆ ನನ್ನ ಪುಸ್ತಕದಲ್ಲಿ 132/82ರ ಆಸುಪಾಸು ಇತ್ತು. ಡಾಕ್ಟರು ಅದೇ 5 ಮಿಲಿಗ್ರಾಂ ಮುಂದುವರಿಸಿದರು. ಅಪ್ಪೆಮಿಡಿ ಭರಣಿ ಈಗ ಅಟ್ಟದ ಮೇಲಿದೆ, ಏಣಿ ನನ್ನವಳ ಸುಪರ್ದಿಯಲ್ಲಿ.