ರಾಯಚೂರಿನ ಬಿಸಿಲಲ್ಲಿ ಮಗುವಿನ ಬೆವರು ಹಿಡಿಯುವುದು

"ಕೂಸು ಮೊದಲೇ ಬೆವರಿ ತೊಯ್ದೈತ್ರೀ, ಇನ್ನೂ ಬೆವರಿಸ್ತೀರೇನು?" ಏಪ್ರಿಲ್‌ನಲ್ಲಿ ಮಗುವಿನ ಬೆವರು ಪರೀಕ್ಷೆಗೆಂದು ನಮ್ಮ ಲ್ಯಾಬಿಗೆ ಬರುವ ತಾಯಂದಿರ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಆದರೆ ಹಣೆಯ ಬೆವರು ನಮಗೆ ಬೇಡ. ಅದರಲ್ಲಿ ಧೂಳು, ಕೊಬ್ಬರಿ ಎಣ್ಣೆ, ಪೌಡರ್ ಎಲ್ಲಾ ಇರುತ್ತದೆ. ನೀರು ಆರಿ ಉಪ್ಪು, ಪ್ರೋಟೀನು ಎರಡೂ ಜಾಸ್ತಿ ತೋರಿಸುತ್ತವೆ.

ಒಂದು ಮಾತನ್ನು ಹೆತ್ತವರಿಗೆ ಮೊದಲೇ ಹೇಳಿಬಿಡಿ. ಸಿಸ್ಟಿಕ್ ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಮತ್ತು ಜೀರ್ಣಾಂಗ ಕೆಡಿಸುವ ಆನುವಂಶಿಕ ಕಾಯಿಲೆ, ಅದರ ಪತ್ತೆಗೆ ನೋಡುವುದು ಬೆವರಿನ ಕ್ಲೋರೈಡ್, ಅಂದರೆ ಉಪ್ಪಿನ ಒಂದು ಅಂಶ. ಲೀಟರಿಗೆ 60 ಮಿಲಿಮೋಲ್ ಅಥವಾ ಮೇಲಿದ್ದರೆ ಕಾಯಿಲೆಯ ಕಡೆಗೆ ಬೆರಳು, 30ಕ್ಕಿಂತ ಕೆಳಗಿದ್ದರೆ ಅನುಮಾನ ಕಡಿಮೆ. ಪ್ರೋಟೀನ್ ನೋಡುವುದು ಸಂಶೋಧನೆಗೆ. ಇಷ್ಟು ಹೇಳಿದ ಮೇಲೆಯೇ ಒಪ್ಪಿಗೆ ಸಹಿ.

ಉಪವಾಸ ಬೇಡ, ಮಗುವಿಗೆ ಚೆನ್ನಾಗಿ ಕುಡಿಸಿರಲಿ. ಗಾಯ, ಬೆವರುಸಾಲೆ ಇಲ್ಲದ ಮುಂಗೈಯನ್ನು ಡಿಸ್ಟಿಲ್ಡ್ ನೀರಿನಿಂದ ಒರೆಸಿ ಒಣಗಿಸಿ. ಬೆವರು ಬರಿಸುವ ಔಷಧ ಪೈಲೋಕಾರ್ಪಿನ್ ಇರುವ ಜೆಲ್ ಬಿಲ್ಲೆಗಳನ್ನು ಕಟ್ಟಿ, ಔಷಧ ಚರ್ಮದೊಳಗೆ ಇಳಿಯಲು 1.5 ಮಿಲಿಆಂಪ್ ಕರೆಂಟ್, 5 ನಿಮಿಷ. 1959ರಲ್ಲಿ ಗಿಬ್ಸನ್ ಮತ್ತು ಕುಕ್ ತಂದ ಉಪಾಯವೇ ಇವತ್ತಿಗೂ ನಡೆಯುತ್ತಿದೆ. ಚುಮುಚುಮು ಎನ್ನುತ್ತದೆ, ಚರ್ಮ ಕೆಂಪಾಗುತ್ತದೆ, ಅಷ್ಟೇ. ಎದೆಯ ಮೇಲೆ ಮಾತ್ರ ಎಂದೂ ಇಡಬೇಡಿ.

ಬಿಲ್ಲೆ ತೆಗೆದು, ಮತ್ತೆ ಒರೆಸಿ, ಅದೇ ಜಾಗಕ್ಕೆ ಸುರುಳಿ ಕೊಳವೆಯ ಸಂಗ್ರಾಹಕ ಬಿಗಿಯಾಗಿ ಕಟ್ಟಿ. 30 ನಿಮಿಷ, ಜಾಸ್ತಿ ಬೇಡ. ಕ್ಲೋರೈಡಿಗೆ ಕನಿಷ್ಠ 15 ಮೈಕ್ರೋಲೀಟರ್ ಬೇಕು. ಅದರ ಪಾಲು ಮೊದಲು ತೆಗೆದಿಟ್ಟು, ಉಳಿದದ್ದು ಪ್ರೋಟೀನಿಗೆ.

ಇನ್ನು ಅವಸರ. ಬೆವರಿನಲ್ಲೇ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ, ಅದಕ್ಕೆ ಟ್ಯೂಬು ಐಸಿನಲ್ಲೇ ಇರಲಿ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಚರ್ಮದ ಚೂರು ತೆಗೆಯಿರಿ. ಪ್ರೋಟೀನ್ ಅಂಟದ ಟ್ಯೂಬುಗಳಲ್ಲಿ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಗೆ ಇಡಿ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಡಿ. ಇಲ್ಲಿಂದ ಬೆಂಗಳೂರಿಗೆ ಇಡೀ ರಾತ್ರಿಯ ದಾರಿ, ಡ್ರೈ ಐಸ್ ಲೆಕ್ಕಕ್ಕಿಂತ ಜಾಸ್ತಿಯೇ ತುಂಬಿ. ಅಲ್ಲಿ ಪ್ರೋಟೀನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡು ಮಾಡಿ, ತುಂಡುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಓದುತ್ತಾರೆ.

ಬೆವರಿನಲ್ಲಿ ಸಹಜವಾಗಿ ಸಿಗುವ ಪ್ರೋಟೀನ್ ಡರ್ಮ್ಸಿಡಿನ್. ಕೆರಾಟಿನ್ ರಾಶಿ ಕಂಡರೆ ಚರ್ಮ, ಕೂದಲು ಬೆರೆತಿದೆ ಎಂದು ಅನುಮಾನಿಸಿ. ನಮ್ಮಿಂದಲೇ ಬೆರಕೆ ಆಗಬಹುದೆಂದು ನಾನು ಕಲಿತದ್ದು ಒಂದು ಮೇ ಮಧ್ಯಾಹ್ನ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಬಗ್ಗಿ ಟ್ಯೂಬಿಗೆ ಬೆವರು ಇಳಿಸುತ್ತಿದ್ದೆ. ನನ್ನ ಮೂಗಿನ ತುದಿಯಿಂದ ಒಂದು ಹನಿ ಅದರೊಳಗೇ ಬಿತ್ತು. ಡರ್ಮ್ಸಿಡಿನ್ ಕೂಸಿನದೋ ನನ್ನದೋ, ಯಾವ ಯಂತ್ರ ಹೇಳುತ್ತದೆ? ಟ್ಯೂಬು ಎಸೆದೆ. ಆ ಕೂಸಿನ ತಾಯಿಯನ್ನು ಇನ್ನೊಂದು ದಿನ ಸಿಂಧನೂರಿನಿಂದ ಬಸ್ಸು ಹತ್ತಿಸಿದೆ. ಈಗ ಗ್ಲೌಸು, ಮಾಸ್ಕು, ತಲೆಗೆ ಟೋಪಿ, ಹಣೆಗೆ ಪಟ್ಟಿ. ಜೊತೆಗೆ ಬೆವರಿನ ಬದಲು ಬರೀ ಶುದ್ಧ ನೀರು ತುಂಬಿದ ಒಂದು ಸುರುಳಿಯನ್ನೂ ಅದೇ ದಾರಿಯಲ್ಲಿ ಕಳಿಸುತ್ತೇನೆ. ಅದರಲ್ಲಿ ಏನಾದರೂ ಸಿಕ್ಕರೆ ಅದು ನಮ್ಮದೇ.